ಅಳೆದೂ ಸುರಿದೂ

ನಲವತ್ತು ವರ್ಷ ಧಾನ್ಯದ ಉಗ್ರಾಣದಲ್ಲಿ ತಕ್ಕಡಿ ನೋಡಿದವನು ನಾನು.
ಲಾರಿ ತುಂಬಿ ಬಂದಾಗೊಂದು ತೂಕ,
ಬರಿದಾಗಿ ಹೋಗುವಾಗೊಂದು ತೂಕ,
ನಡುವಿನದು ಗೋಧಿ.
ದಾರ್ಕಾ ಬಿಸಿನೀರಿನ ತೊಟ್ಟಿಯ ಚಿತ್ರ ತೋರಿಸಿದಾಗ
ನನ್ನ ಕಣ್ಣು ಹೋದದ್ದು ನೀಲಿ ದೀಪಕ್ಕಲ್ಲ, ನೊರೆಗಲ್ಲ,
ತಳದ ಸಣ್ಣಕ್ಷರಕ್ಕೆ:
ಬರಿ ತೊಟ್ಟಿ ಮುನ್ನೂರ ಎಂಬತ್ತು ಕಿಲೊ.
ನೀರು ಸಾವಿರದ ಐನೂರು.
ಮೇಲೆ ಆರು ಜನ, ಅವರವರ ಊಟದ ಪ್ರಕಾರ.

‘ಇಬ್ಬರೇ ಅಲ್ಲವಾ ನಾವು?’
‘ನೆಲಕ್ಕೆ ಅದು ಗೊತ್ತಿರುವುದಿಲ್ಲ’ ಎಂದೆ.

ಅವಳ ಮೊಣಕಾಲಿಗೆ ಮಾತ್ರ ಗೊತ್ತು,
ಇಪ್ಪತ್ತೇಳು ಚಳಿಗಾಲ ಯಾರ್ಕ್‌ಟನ್ನಿನ ಬೀದಿಗಳಲ್ಲಿ
ಅಂಚೆಯ ಚೀಲ ಎಷ್ಟು ತೂಗಿತೆಂದು.
ಒಪ್ಪಿದೆ.

ಅಕ್ಟೋಬರು. ನೆಲ ಕಲ್ಲಾಗುವುದರೊಳಗೆ ಪಾಯ ಮುಗಿಯಬೇಕು.
ಕಂಪನಿಯವರು ಬಂದು ಹುಲ್ಲಿನ ಮೇಲೆ ಬಣ್ಣ ಬಳಿದುಹೋದರು:
ಗ್ಯಾಸಿಗೆ ಹಳದಿ, ಕರೆಂಟಿಗೆ ಕೆಂಪು.
ಮೂವತ್ತು ವರ್ಷ ಇವುಗಳ ಮೇಲೆಯೇ
ಆಲೂಗಡ್ಡೆ ನೆಟ್ಟಿದ್ದೇವಲ್ಲ ಎಂದು ನಕ್ಕೆವು,
ಆಮೇಲೆ ನಗಲಿಲ್ಲ.

ವೈರು ಎಳೆಯಲು ಬಂದ ಡಾನಿಲೋ
ಎರಡಡಿ ಆಳ ಕಾಲುವೆ ತೋಡಿದ.
ಸಲಿಕೆಗೆ ಬೇರೊಂದು ಸಿಕ್ಕಿತು, ಒಳಗೆ ಹಳದಿ, ಹಸಿ.
‘ಯಾವ ಮರದ್ದು? ಇಲ್ಲಿ ಮರವೇ ಇಲ್ಲ.’
ಮರವಲ್ಲ. ಕ್ಯಾರಗಾನ ಪೊದೆ.
ಗಾಳಿಗೆ ಅಡ್ಡವಾಗಿ ಅಪ್ಪ ನೆಟ್ಟ ಸಾಲು.
ಪಕ್ಕದ ಮನೆಯ ಲೈಲ್ ಫೇರ್ ಒಂದು ಬೆಳಿಗ್ಗೆ ಅದನ್ನು ಕಿತ್ತೆಸೆದು
ಹಲಗೆಯ ಬೇಲಿ ನಿಲ್ಲಿಸಿದ, ನಮ್ಮ ಕಡೆಗೆ ಆರಿಂಚು ಸರಿಸಿ.
ಸರ್ವೆಯ ಕಾಗದ ಡ್ರಾಯರಿನಲ್ಲಿದೆ.
ನಾಲ್ಕು ವರ್ಷದಿಂದ ಮಾತಿಲ್ಲ.

ಜಲ್ಲಿ ಸುರಿದೆ, ದಮ್ಮಸ್ಸು ಮಾಡಿದೆ, ಕಂಬಿ ಕಟ್ಟಿದೆ.
ರಸಮಟ್ಟದ ಗುಳ್ಳೆ ನಡುವಿಗೆ ಬಂದು ನಿಲ್ಲುವಾಗ
ಉಸಿರು ಹಿಡಿದಿದ್ದೆ, ಹಳೆಯ ಚಾಳಿ.
ಕಾಂಕ್ರೀಟು ಹಾಕಿದ ರಾತ್ರಿ
ಅದಕ್ಕೆ ಚಳಿಯಾದೀತೆಂದು
ದಾರ್ಕಾಳ ತಾಯಿಯ ರಜಾಯಿ ಹೊದಿಸಿದೆವು.
ಮಗುವಿಗೆ ಹೊದಿಸುವ ಹಾಗೆ ಅಂಚು ಸಿಕ್ಕಿಸಿದಳು.

ಏಳನೆಯ ದಿನ, ಎಲ್ಲ ಮುಗಿದ ಮೇಲೆ
ನೆನಪಾಯಿತು ಅಳೆಯದೆ ಬಿಟ್ಟ ಒಂದೇ ಒಂದು ಜಾಗ:
ಮನೆಗೂ ಬೇಲಿಗೂ ನಡುವಿನ ಓಣಿ.
ತೊಟ್ಟಿಯನ್ನು ಅಡ್ಡ ಮಲಗಿಸಿದರೆ ಮೂವತ್ತೆಂಟು ಇಂಚು.
ಓಣಿ ಮೂವತ್ತಮೂರು.
ಟೇಪನ್ನು ಮೂರು ಸಲ ಎಳೆದೆ,
ಮೂರು ಸಲವೂ ಅದು ನಾಚದೆ ಅದನ್ನೇ ಹೇಳಿತು.

ಕ್ರೇನಿಗೆ ಒಂಬೈನೂರು ಡಾಲರ್.
ಡ್ರಾಯರಿನ ಕಾಗದಕ್ಕೆ ಕೈ ಹಾಕಿದೆ.
ನ್ಯಾಯ, ನೆಲ, ಆರಿಂಚು ಎಂದು
ಕನ್ನಡಿಯ ಮುಂದೆ ಮಾತು ಜೋಡಿಸಿಕೊಂಡೆ.
ಹಿಂದಿರುಗಿ ನೋಡಿದರೆ
ಕಿಟಕಿಯಾಚೆ, ಅವನ ಮೆಟ್ಟಿಲ ಮೇಲೆ ದಾರ್ಕಾ,
ಅಂಚೆ ಕೊಡಲು ನಿಂತಂತೆ, ಕೈಯಲ್ಲಿ ಏನೂ ಇಲ್ಲದೆ.

ಏನು ಹೇಳಿದಳೋ. ಇವತ್ತಿಗೂ ಕೇಳಿಲ್ಲ.
ಲೈಲ್ ಡ್ರಿಲ್ ಹಿಡಿದು ಬಂದ, ತಿರುವುಮುರುವು ಹಾಕಿ
ಹಲಗೆ ಒಂದೊಂದೇ ಕಳಚಿದ.
ತೆಗೆದ ಸ್ಕ್ರೂಗಳನ್ನು ಕಾಫಿ ಡಬ್ಬಿಗೆ ಹಾಕುತ್ತ
ನನ್ನ ಕಡೆ ನೋಡದೆ ಅಂದ:
‘ಎಂಟನೇ ನಂಬರಿನವು. ಕಳೆಯಬೇಡ.’
ನಾಲ್ಕು ವರ್ಷದ ಮೇಲೆ ಮೊದಲ ಮಾತು,
ಎಂಟನೇ ನಂಬರು.

ಗುರುವಾರ ಬರಬೇಕಾದ ತೊಟ್ಟಿ ರೆಜೈನಾದಲ್ಲೇ ನಿಂತಿತು,
ರಸ್ತೆಯಲ್ಲಿ ಹಿಮ.
ನಮ್ಮ ಹಿತ್ತಿಲಲ್ಲೂ ಬಿತ್ತು,
ಬೇಲಿಯಿಲ್ಲದ ಕಡೆಯಿಂದ ತಡೆಯಿಲ್ಲದೆ ಬಂದು
ಅವನ ಹುಲ್ಲು, ನನ್ನ ಹಾಸು
ಎಲ್ಲಿ ಮುಗಿದು ಎಲ್ಲಿ ಶುರುವೆಂದು ತಿಳಿಯದ ಹಾಗೆ.
ಅವನ ಬೆಕ್ಕು ಸೀದಾ ಅಡ್ಡ ನಡೆದುಹೋಗಿತ್ತು.

ದಾರ್ಕಾ ಅಡುಗೆಮನೆಯ ಎರಡು ಕುರ್ಚಿ ತಂದು
ಖಾಲಿ ಹಾಸಿನ ಮೇಲೆ ಎದುರುಬದುರು ಇಟ್ಟಳು.
‘ಕೂತು ನೋಡು, ಯಾವ ಕಡೆ ಮುಖವಿರಬೇಕು ಅಂತ.’
ಕೋಟು, ಟೋಪಿ, ಬೂಟು ಹಾಕಿ ಕೂತೆವು.
ಹೇಗೆ ತಿರುಗಿದರೂ
ಒಬ್ಬರಿಗಂತೂ ಲೈಲನ ಅಡುಗೆಮನೆಯ ಕಿಟಕಿ.

ಕಿಟಕಿ ತೆರೆಯಿತು.
‘ಬಿಸಿ ಸಾಕಾ?’

‘ಒಂಚೂರು ಕಮ್ಮಿ’ ಎಂದಳು ದಾರ್ಕಾ,
ಇಲ್ಲದ ನೀರಿನಲ್ಲಿ ಕಾಲು ಚಾಚುತ್ತ.
ನಾನು ಹಿಮ ಕೊಡವಿಕೊಂಡೆ. ಮೂಗು ಮರಗಟ್ಟಿತ್ತು.
ಅವನೇನು, ಎಂಬತ್ತೈದು ಕಿಲೊ ಇದ್ದಾನು,
ಬೂಟು ಬಿಟ್ಟು.