ತುಳುಕು

ಸ್ವಾನ್ಸಿಯಲ್ಲಿ ಕೊನೆಯ ಬಸ್ಸು ಡಿಪೋ ಸೇರುವ ತನಕ
ನಾವು ಏನನ್ನೂ ಅಳೆಯುವುದಿಲ್ಲ.
ಚಕ್ರದ ಅದುರು ನೆಲಮಾಳಿಗೆಯ ಮೇಜಿಗೂ ಇಳಿಯುತ್ತದೆ;
ಯಾವ ನಡುಕ ರಸ್ತೆಯದು, ಯಾವುದು ಗುಳ್ಳೆಯದೇ,
ಹೇಳಲಾಗದು.

ಸಂಜೆ ಗ್ಲೆನಿಸ್
ಮೊಟ್ಟೆಯ ಹಳದಿಯಿಂದ ತೆಗೆದ ಜಿಡ್ಡನ್ನು
ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡು
ಪ್ಲಾಟಿನಂ ತಂತಿಗೆ ಸವರಿದಳು.
ಸಕ್ಕರೆ ನೀರಲ್ಲಿ ಮುಳುಗಿಸಿ, ಸಣ್ಣಗೆ ಕರೆಂಟು ಕೊಟ್ಟು
ಮನೆಗೆ ಹೋಗಿ ಉಂಡು ಬಂದಳು.
ಅಷ್ಟರಲ್ಲಿ ತಂತಿಯ ತುಂಬ ಗುಳ್ಳೆ,
ಎರಡೇ ಅಣುವಿನ ದಪ್ಪದ ಚರ್ಮ,
ಒಳಗೂ ನೀರು, ಹೊರಗೂ ನೀರು.

ನಾನು ಕಣ್ಣಿಟ್ಟಿದ್ದು ಒಂದು ದುಂಡನೆಯದಕ್ಕೆ.
ಎಷ್ಟು ದುಂಡಗೆ! ಒಂದು ಗಂಟೆ ನೋಡಿದೆ.
ಪುಸ್ತಕದಲ್ಲಿ ಬರೆದೆ: ಗೋಳ. ಗೋಳ. ಗೋಳ.
ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಿದ್ದರು
ಹರಪನಹಳ್ಳಿಯ ಗಣಿತದ ಮಾಸ್ತರು,
ತರಗತಿಗೆಲ್ಲ ಹೇಳಿದಂತೆ, ನನ್ನೊಬ್ಬಳನ್ನೇ ನೋಡುತ್ತ.

ತಪ್ಪು ನನ್ನದೇ.
ಗಾಜಿನ ಒಂದು ಅಂಚಿಗೆ ಗ್ರೀಸು ಹಚ್ಚಿರಲಿಲ್ಲ.
ಹೊರಗಿನ ನೀರು ಆರುತ್ತ ಆರುತ್ತ ಸಿಹಿ ಏರಿತು,
ಒಳಗಿನ ನೀರು ಚರ್ಮ ದಾಟಿ ಹೊರಟಿತು,
ಚರ್ಮ ಮಾತ್ರ ಇದ್ದಷ್ಟೇ ಇದೆ.
ಅಕ್ಕನ ಲಂಗ ಉಟ್ಟ ತಂಗಿ, ಎಲ್ಲಿ ಸಿಕ್ಕಿಸಿದರೂ ಮಿಕ್ಕುತ್ತದೆ.

ಮೊದಲು ಸೌತೆಕಾಯಿಯಾಯಿತು.
ಒಂದೂವರೆಯ ಹೊತ್ತಿಗೆ, ಎರಡೂ ಮಗ್ಗುಲು ಹೆಬ್ಬೆರಳೊತ್ತಿದ ಪೇಡೆ.
ಆಮೇಲೆ ಒಂದು ಕುಳಿ ಆಳವಾಗುತ್ತ, ಇನ್ನೊಂದು ಮುಚ್ಚುತ್ತ
ತನ್ನನ್ನು ತಾನೇ ಒಳಕ್ಕೆಳೆದುಕೊಂಡ ಕಿರುಬಾಯಿಯ ಕುಡಿಕೆ.
ಬಾಗುವುದಕ್ಕೂ ಬೆಲೆಯುಂಟು;
ಸಂತೆಯಲ್ಲಿ ಹತ್ತು ಅಂಗಡಿ ತಿರುಗಿದವಳಂತೆ
ಎಲ್ಲಿ ಅಗ್ಗವೋ ಅಲ್ಲಿ ಹೋಗಿ ನಿಲ್ಲುತ್ತದೆ.
ನಿಂತಲ್ಲೂ ನಿಲ್ಲದು. ಬಸ್ಸಿಲ್ಲ, ಗಾಳಿಯಿಲ್ಲ,
ಬರೀ ನೀರಿನ ಬೆಚ್ಚಗಿಗೆ
ಅಂಚೆಲ್ಲ ಮಿಡುಕುತ್ತದೆ.

ಆ ಮಿಡುಕನ್ನು ಅಳೆದರೆ ಚರ್ಮ ಎಷ್ಟು ಗಡುಸೆಂದು ತಿಳಿಯುತ್ತದೆ.
ತುಂಬಿದ್ದಾಗ ಅದು ನಮಗೆ
ಒಂದಂಕಿಯನ್ನೂ ಬಿಟ್ಟುಕೊಟ್ಟಿರಲಿಲ್ಲ, ಮಾಸ್ತರೇ.

ಗ್ಲೆನಿಸ್ ಬಗ್ಗಿ ನೋಡಿದಳು, ಎರಡೂ ಕೈ ಕೋಟಿನ ಜೇಬಿನಲ್ಲಿ.
ತುಂಬ ಹೊತ್ತು ನೋಡಿದಳು.
'ಗ್ರೀಸು ಹಚ್ಚಿಬಿಡಲೇ?' ಎಂದೆ.
'ಸೋರಲಿ ಬಿಡು' ಎಂದಳು.
'ಮೊದಲ ಬಸ್ಸು ಐದೂಕಾಲಿಗೆ.'