ಮೀಟರ್ ಸರಿ ಇದೆ

ವಿರಾಜಪೇಟೆಯ ಆಸ್ಪತ್ರೆ, ನರದ ಡಾಕ್ಟರು ಬರುವ ಗುರುವಾರ.
ಬೆಂಚಿನ ಈ ತುದಿಗೆ ನಾನು, ಲೈನ್‌ಮನ್ ಬೆಳ್ಯಪ್ಪ,
ಆ ತುದಿಗೆ ಬ್ಲೌಸು ಹೊಲಿಯುವ ಜಸಿಂತಾ.
ನಡುವೆ ನಮ್ಮ ಫೈಲುಗಳು, ಒಂದರ ಮೇಲೊಂದು.
ಸ್ಕ್ಯಾನ್ ನಾರ್ಮಲ್. ರಕ್ತ ನಾರ್ಮಲ್. ಥೈರಾಯ್ಡ್ ನಾರ್ಮಲ್.
ಅಷ್ಟೊಂದು ನಾರ್ಮಲ್ಲಿನ ಭಾರಕ್ಕೆ ರಟ್ಟು ಬಗ್ಗಿತ್ತು.

ನನಗೆ ಹೋದ ಜೂನಿನಲ್ಲಿ ಜ್ವರ, ಆರೇ ದಿನ.
ಬಿಟ್ಟುಹೋಗುವಾಗ ಏನನ್ನೋ ಜೊತೆಗೆ ಒಯ್ದಿತು,
ಏನೆಂದು ಯಾವ ರಿಪೋರ್ಟಿನಲ್ಲೂ ಇಲ್ಲ.
ಅವಳದು ಹಾಗಲ್ಲ. ಒಂದು ಬೆಳಿಗ್ಗೆ
ಮೆಷಿನ್ನಿನ ಪೆಡಲಿನ ಮೇಲೆ ಬಲಗಾಲಿಟ್ಟಳು,
ಕಾಲು ಯಾರ ಮನೆಗೋ ಬಂದ ನೆಂಟನಂತೆ ಸುಮ್ಮನೆ ಕೂತಿತ್ತು.

ಊರು ಇಬ್ಬರಿಗೂ ಒಂದೇ ಹೆಸರು ಕೊಟ್ಟಿತು:
ಎಲ್ಲ ತಲೆಯಲ್ಲಿರೋದು.
ನನ್ನ ಸೆಕ್ಷನ್ ಆಫೀಸರು ಇನ್ನೊಂದು ಸೇರಿಸಿದರು: ಮೈಗಳ್ಳ.

ಒಳಗೆ ಆದದ್ದನ್ನು ಜಸಿಂತಾ ಆಮೇಲೆ ಹೇಳಿದಳು.
ಸಫೂರಾ ಡಾಕ್ಟರು ಅವಳ ಬಲ ಹಿಮ್ಮಡಿಯಡಿ ಅಂಗೈ ಇಟ್ಟು
'ಒತ್ತಿ' ಅಂದರಂತೆ. ಒತ್ತಲಾಗಲಿಲ್ಲ.
'ಇರಲಿ, ಎಡಗಾಲು ಮೇಲೆತ್ತಿ.'
ಎಡಗಾಲು ಎದ್ದದ್ದೇ ತಡ, ಯಾರೂ ಕರೆಯದ ಬಲಗಾಲು
ಡಾಕ್ಟರ ಕೈಯನ್ನು ಹಾಸಿಗೆಗೆ ಅದುಮಿತಂತೆ!
'ಶಕ್ತಿ ಇದೆ, ನೀವು ಕೇಳಿದಾಗ ಸಿಗುತ್ತಿಲ್ಲ.
ಸುಳ್ಳಲ್ಲ ಇದು, ಹೆಸರಿರುವ ಕಾಯಿಲೆ.'
ಅತ್ತಳಂತೆ. ಕಾಲಿಗಲ್ಲ, ಆ ಹೆಸರಿಗೆ.

ನನ್ನ ಸರದಿ. ಎಳೆಯಿರಿ, ತಳ್ಳಿ, ಮೂಗು ಮುಟ್ಟಿ.
ಮಾಡಿದೆ. ಹೇಳಿದ ಕೂಡಲೇ ಮಾಡುವ ಮೈ ನನ್ನದು,
ತೊಂದರೆಯೇ ಅದು.
'ಇವತ್ತಲ್ಲ ಮೇಡಂ, ಶನಿವಾರ ನೋಡಬೇಕು ನನ್ನನ್ನ.'
ಪೆನ್ನು ಕೆಳಗಿಟ್ಟರು.
ಅಮ್ಮತ್ತಿಯಲ್ಲಿ ಒಂದೇ ಒಂದು ಕಂಬ ಹತ್ತಿದ್ದೆ.
ಅಂದು ಏನೂ ಆಗಲಿಲ್ಲ, ಸಂಜೆ ಮತ್ತಿ ಮೀನು ತಂದೆ, ತಿಂದೆ.
ಮೂರನೇ ಬೆಳಿಗ್ಗೆ ಚೊಂಬು ಎತ್ತಲಾಗಲಿಲ್ಲ.
ಬೆಳಕು ಚುಚ್ಚಿತು, ಹೆಂಡತಿಯ ಬಳೆಯ ಸದ್ದೂ.
ಒಂಬತ್ತು ದಿನ.

ಎರಡು ಚೀಟಿ ಬರೆದರು.
ಅವಳದರಲ್ಲಿ: ದಿನಾ ನಡೆಯಬೇಕು, ಏನಾದರೂ ಗುನುಗುತ್ತ, ಕಾಲನ್ನು ನೋಡದೆ.
ನನ್ನದರಲ್ಲಿ: ಸುಸ್ತಾಗುವ ಮುಂಚೆಯೇ ಕೂರಬೇಕು.
'ಅದಲುಬದಲಾಗಬಾರದು' ಎಂದರು, ನಗದೆ.
ನನಗೆ ಗೊತ್ತು. ಪುತ್ತರಿಯ ಹೊತ್ತಿಗೆ ಇನ್ನೊಬ್ಬರು
ದಿನಕ್ಕೆ ಐನೂರು ಹೆಜ್ಜೆ ಹೆಚ್ಚಿಸು ಎಂದಿದ್ದರು.
ಹೆಚ್ಚಿಸಿದೆ. ಹೆಚ್ಚಿಸುತ್ತ ಹೆಚ್ಚಿಸುತ್ತ ಹಾಸಿಗೆ ಹಿಡಿದೆ.

ಗಡಿಯಾರ ಕಂಬದ ಹತ್ತಿರ ಬಸ್ಸಿಗೆ ಕಾಯುವಾಗ
ಪಾಲಿಬೆಟ್ಟದ ಲೈನುಮನೆಯ ಚೋಮಿ ನೆನಪಾದಳು.
'ಬಲ್ಬು ಉರೀತದೆ ಅಣ್ಣಾ, ಮಿಕ್ಸಿ ತಿರುಗಲ್ಲ.'
ಮೂರು ಸಲ ಫೋನು ಮಾಡಿದ್ದಳು.
ಹೋಗಿ ಟೆಸ್ಟರ್ ಹಚ್ಚಿದೆ, ಕೆಂಪಗೆ ಹೊಳೆಯಿತು.
ಮೀಟರ್ ಸರಿ ಇದೆ ಅಂದೆ, ಬೈಕು ಹತ್ತಿದೆ.
ಟೆಸ್ಟರ್ ಹೇಳುವುದು ಇದೆ ಎಂದಷ್ಟೆ,
ಸಾಕಾ ಎಂದು ಕೇಳುವುದು ಅದರ ಕೆಲಸವಲ್ಲ.
ನನ್ನದಾಗಿತ್ತು.

ಬಸ್ಸು ಬಂತು. ಜಸಿಂತಾ ನನ್ನ ಚೀಲ ಹಿಡಿದಳು,
ನಾನು ಅವಳ ಮೊಣಕೈ.
ಮೊದಲು ಯಾರು ಎಂದು ಮೆಟ್ಟಿಲೆದುರು ಒಂದು ಗಳಿಗೆ ನಿಂತೆವು.
'ಬೇಗ ಹತ್ತಿ,' ಕಂಡಕ್ಟರು ಕೂಗಿದ,
'ಗಟ್ಟಿಮುಟ್ಟಾಗೇ ಇದ್ದೀರಲ್ಲ ಇಬ್ಬರೂ!'