ಮಳೆರಾಯನಿಗೆ ಮೊಳೆ ಜೋಡಿಸಿದ್ದು

ಲಷ್ಕರ್ ಮೊಹಲ್ಲಾದ ಓಣಿಯಲ್ಲಿ, ಹುರಿಗಡಲೆ ಅಂಗಡಿಯ ಹಿಂದೆ
ನಮ್ಮ ಪ್ರೆಸ್ಸು.
ಲಗ್ನಪತ್ರಿಕೆ, ತಿಥಿ ಕಾರ್ಡು, ಊದುಬತ್ತಿ ಕಟ್ಟಿನ ಚೀಟಿ:
ಇಷ್ಟೇ ನನ್ನ ಸಾಹಿತ್ಯ, ಹನ್ನೊಂದು ವರ್ಷ.
ಹಾಗಿರುವಾಗ ಒಂದು ಸೋಮವಾರ ಖುದ್ದೂಸ್ ಮೇಷ್ಟ್ರು
ಪೆನ್ಷನ್ನಿನ ಕವರು, ನೂರಾ ಹನ್ನೆರಡು ಹಾಳೆ,
ಎರಡನ್ನೂ ಒಂದೇ ಕೈಚೀಲದಿಂದ ತೆಗೆದಿಟ್ಟರು.
"ತುರ್ಕಿಯ ರಾಜಕುಮಾರ ಕಣಮ್ಮ. ದಂಡನಾಯಕ.
ಸತ್ತು ಏಳುನೂರು ವರ್ಷವಾಯಿತು.
ಮುನ್ನೂರು ಪ್ರತಿ ಸಾಕು."

ಹೆಸರು ಯಾಗ್ಮುರ್.
ಹಾಗೆಂದರೆ ಅವರ ಮಾತಲ್ಲಿ ಮಳೆಯಂತೆ.
ನಮ್ಮ ಮಂಡ್ಯದ ಕಡೆ ಮಳೆರಾಯ ಅಂತೀವಿ ಮೇಷ್ಟ್ರೇ, ಎಂದೆ,
ಹುಟ್ಟುವಾಗಲೇ ರಾಯ ಅವನು.
ಕನ್ನಡಕ ಒರೆಸಿಕೊಂಡು
ಅದನ್ನೂ ಹಾಳೆಯ ಅಂಚಿಗೆ ಬರೆದುಕೊಂಡರು.

ಶುರುವಾಯಿತು, ಮಳೆಗೆ ಮೊಳೆ.
ಗುಡಾರದಲ್ಲಿ ಹುಟ್ಟಿದ, ಮೂರನೆಯವನು;
ನಡೆ ಕಲಿಯುವ ಮೊದಲೇ ಕುದುರೆ ಹತ್ತಿದ;
ಒಂಬತ್ತಕ್ಕೆ ಪಕ್ಕದ ದೊರೆಯ ಪಾಳೆಯದಲ್ಲಿ ಒತ್ತೆಯಾಳು,
ಅಪ್ಪ ಮಾತಿಗೆ ತಪ್ಪಿದರೆ ಮಗನ ತಲೆ.
ಅಪ್ಪ ಎರಡು ಸಲ ತಪ್ಪಿದ.
ತಲೆ ಹೇಗೆ ಉಳಿಯಿತೆಂದು ಹಾಳೆಯಲ್ಲಿ ಇರಲಿಲ್ಲ.
ಕೇಳಿದೆ. "ನನಗೂ ಸಿಕ್ಕಿಲ್ಲ" ಎಂದರು ಮೇಷ್ಟ್ರು.

ಸ್ಟಿಕ್ಕಿನಲ್ಲಿ ಅಕ್ಷರ ನಿಲ್ಲುವುದು ತಲೆಕೆಳಗು.
ಹಾಗಾಗಿ ಹತ್ತೊಂಬತ್ತರ ಆ ದಂಡನಾಯಕ,
ಅವನ ಬೆನ್ನಿಗೆ ಆರು ಸಾವಿರ ಕುದುರೆ,
ಆಕಾಶಕ್ಕೆ ಗೊರಸು ಊರಿಕೊಂಡೇ ಹೋದರು
ನನ್ನ ಎಡಗೈಯ ಹಿಡಿಯೊಳಗೆ.

ತೊಂದರೆ ಬಂದದ್ದು ಒತ್ತಿನಲ್ಲಿ.
ಅವನ ಹೆಸರಿಗೆ ಪ್ರತಿಸಲವೂ ಒಂದು ಮ ಒತ್ತು.
ಪುಟಕ್ಕೆ ಹದಿನೈದು ಸಲ ಯಾಗ್ಮುರ್!
ಮೂರನೇ ಫಾರಂಗೆ ಕೇಸಿನ ಆ ಮನೆ ಖಾಲಿ.
ಅಮ್ಮ ಅನ್ನಲಿಕ್ಕೂ ಅದೇ ಒತ್ತು, ತಮ್ಮ ಅನ್ನಲಿಕ್ಕೂ ಅದೇ.
ಕಟ್ಟಿಟ್ಟಿದ್ದ ಲಗ್ನಪತ್ರಿಕೆಯಿಂದ ನಾಲ್ಕು "ನಮ್ಮ" ಬಿಚ್ಚಿದೆ,
ತಿಥಿ ಕಾರ್ಡಿನಿಂದ ಒಂದು "ಅಮ್ಮ".
ಅವನ ಅಮ್ಮ ತೀರಿಕೊಂಡ ಪುಟದಲ್ಲಿ, ಮೇಷ್ಟ್ರನ್ನು ಕೇಳಿ,
"ತಾಯಿ" ಮಾಡಿದೆ.

ಹತ್ತು ತಿಂಗಳ ಮುತ್ತಿಗೆ.
ಕೋಟೆಯೊಳಗೆ ಜೀನಿನ ಚರ್ಮ ಬೇಯಿಸಿ ತಿಂದರು.
ಬಾಗಿಲು ತೆರೆದಾಗ ಯಾಗ್ಮುರ್ ಕತ್ತಿ ಹಿರಿಯಲಿಲ್ಲ,
ತನ್ನ ಪಾಳೆಯದ ಕೊಪ್ಪರಿಗೆಗಳನ್ನೇ ಒಳಕ್ಕೆ ಹೊರಿಸಿದ,
ಕುರಿಯ ಸಾರು, ಬಿಸಿ ರೊಟ್ಟಿ.
ಸುದ್ದಿ ಅಣ್ಣಂದಿರಿಗೆ ತಲುಪಿತು, ಬೇರೆ ಮಾತಿನಲ್ಲಿ:
ಊರು ಅವನ ಹೆಸರು ಹಿಡಿದು ಕೂಗುತ್ತಿದೆ.

ಕಾದ ಸೂಜಿಯ ಪುಟಕ್ಕೆ ಬಂದ ಸಂಜೆ ಕರೆಂಟು ಹೋಯಿತು.
ಮನೆಗೆ ಹೋಗಮ್ಮ ಎಂದರು ಮಾಲೀಕರು.
ಹೋಗಲಿಲ್ಲ.
ಬೆರಳಿಗೆ ಗೊತ್ತು, ಕ ಎಲ್ಲಿ, ಣ ಎಲ್ಲಿ,
ಮೊಳೆಯ ಕಚ್ಚು ಯಾವ ಮಗ್ಗುಲಿಗೆ.
ಕತ್ತಲಲ್ಲೇ ಜೋಡಿಸುತ್ತ ಹೋದೆ.
ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದನಂತೆ,
ಅಣ್ಣನದೇ ಲಾಯದಲ್ಲಿ,
ಕತ್ತು ತಡವಿ ಕುದುರೆಗಳ ಹೆಸರು ಹೇಳುತ್ತ.
ಒಂದೂ ತಪ್ಪುತ್ತಿರಲಿಲ್ಲವಂತೆ.

ನನ್ನದು ಒಂದು ತಪ್ಪಿತು.
ಬೆಳಿಗ್ಗೆ ಪ್ರೂಫಿನಲ್ಲಿ,
"ಆ ರಾತ್ರಿ ಕಳೆದುಕೊಂಡ, ಎರಡೂ ಕಣ್ಣ" ಎಂದಿರಬೇಕಾದಲ್ಲಿ
"ಎರಡೂ ಅಣ್ಣ".
ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ತೆಗೆದರು,
ಹಾಕಿದರು, ಮತ್ತೆ ತೆಗೆದರು.
"ವ್ಯಾಕರಣ ತಪ್ಪು, ಚೆನ್ನಾಜಮ್ಮ.
ಮಿಕ್ಕಿದ್ದೆಲ್ಲ ಸರಿ."
ಅವರಿಗೂ ಅಣ್ಣಂದಿರಿದ್ದರೋ ಏನೋ, ಕೇಳಲಿಲ್ಲ.
ಹಾಗೇ ಅಚ್ಚಾಯಿತು.

ಮೊಳೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು
ಅವರವರ ಮನೆಗೆ ಹಾಕಿದೆ.
ಮ ಒತ್ತಿನಲ್ಲಿ ಒಂದಷ್ಟು ಸವೆದಿದ್ದವು.
ಮಾರನೆಯ ದಿನ ಹೆಬ್ಬಾಳದವರ ಮದುವೆ ಕಾರ್ಡು:
ನಮ್ಮ ಕಿರಿಯ ಮಗನ ವಿವಾಹ ಮಹೋತ್ಸವ.
ಆ ಒತ್ತು ಕೊಂಚ ವಾಲಿಕೊಂಡೇ ಬಿತ್ತು.
ಯಾರೂ ನೋಡಲಿಲ್ಲ.